ನಿನ್ನ ತಿಥಿಯ ಪಂಕ್ತಿಯಲ್ಲಿ ಕೂತವರು

ಅಣ್ಣಯ್ಯಾ,

ಚನ್ನರಾಯಪಟ್ಟಣದಿಂದ ನಿನ್ನ ತಂಗಿ ಬರೆಯುತ್ತಿದ್ದೇನೆ. ನಿನ್ನ ತಿಥಿಯ ದಿನ ಏನಾಯಿತೆಂದು ನಿನಗೆ ಹೇಳುವವರಾದರೂ ಯಾರು? ಅದಕ್ಕೇ ಈ ಕಾಗದ.

ಶಾಸಕರಿಗೆ ಕೊಡುವ ಅರ್ಜಿ ಹಿಡಿದು ನೀನು ಅರಕಲಗೂಡಿನ ಬಸ್ಸು ಹತ್ತುತ್ತಿದ್ದದ್ದು ಈಗಲೂ ಕಣ್ಣಲ್ಲಿದೆ. ನಮ್ಮೂರ ಊಟಗಳಲ್ಲಿ ಊರಾಚೆಯ ದಲಿತ ಕಾಲೋನಿಯವರಿಗೆ ಕೊನೆಗೆ, ಹಿತ್ತಲಲ್ಲಿ ಬಡಿಸುವುದು ನಿಲ್ಲಬೇಕು ಎಂಬುದೊಂದೇ ನಿನ್ನ ಹಟ. "ಶಾಸಕ್ರು ಒಂದ್ಸಲ ಅವ್ರ ಜೊತೆ ಕುಂತು ಉಂಡ್ರೆ ಊರೇ ಸರಿಯೋಯ್ತದೆ ಕಣವ್ವ" ಎನ್ನುತ್ತಿದ್ದೆ. ಶಾಸಕರು ಬಂದರು, ಕಾಲೋನಿಯಲ್ಲಿ ಉಂಡರು, ಫೋಟೋ ತೆಗೆಸಿಕೊಂಡು ಹೋದರು. ಮುಂದಿನ ಮದುವೆಯಲ್ಲಿ ಮತ್ತದೇ ಹಿತ್ತಲು.

ಒಮ್ಮೆ ನಾನೇ ಕೇಳಿದ್ದೆ, "ನಮ್ಮನೆ ಊಟದಲ್ಲೇ ಸುರು ಮಾಡಬಾರ್ದಾ?" ನೀನು ತಲೆ ತಗ್ಗಿಸಿದೆ. "ಜನ ಪಂಕ್ತಿ ಬುಟ್ಟು ಎದ್ದೋದ್ರೆ?" ಯಾರ ಮುಂದೂ ಬಗ್ಗದ ನೀನು... ಇರಲಿ. ಅತ್ತಿಗೆ ಒಲೆ ಮುಂದೆ ಕೂತು ಕೇಳಿಸಿಕೊಂಡಳು.

ನಿನ್ನ ಹನ್ನೊಂದನೇ ದಿನ ಶಾಮಿಯಾನ ತುಂಬಿತ್ತು. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಊರಿಗೆ ಹಿರಿಯರಾದ ಪುಟ್ಟೇಗೌಡ ಮಾವ ಮೊದಲ ತುತ್ತು ಮುರಿದರು. ಆಗ ಅತ್ತಿಗೆ, ವರ್ಷಗಟ್ಟಲೆ ತನ್ನ ಜೊತೆ ನಾಟಿ ಹಾಕಿದ ಕಾಲೋನಿಯ ನಿಂಗಮ್ಮನ ಕೈ ಹಿಡಿದು ಬಂದಳು. ಸಾಲಿನ ನಡುವೆ ಎರಡು ಎಲೆ ಖಾಲಿ ಬಿಡಿಸಿದ್ದಳು. ಇಬ್ಬರೂ ಕೂತರು. ಮಾವ ಅರ್ಧ ಎದ್ದರು.

"ಕುತ್ಕಳಿ ಮಾವ. ಸಾವಿನ ಮನೇಲಿ ಉಣ್ತಾ ಉಣ್ತಾ ಎಲೆ ಬುಟ್ಟು ಎದ್ರೆ ಸತ್ತೋರಿಗೆ ಅನ್ನ ದಕ್ಕಲ್ಲ ಅಂತ ಯೋಳ್ಕೊಟ್ಟೋರೇ ನೀವು. ನಮ್ಮ ಯಜಮಾನ್ರನ್ನ ಉಪಾಸ ಕಳುಸ್ತೀರಾ?"

"ನೀನು ವಕೀಲಿ ಓದ್ಬೇಕಿತ್ತು ಕಣಮ್ಮಿ" ಎಂದು ಗೊಣಗಿ ಮಾವ ಕೂತರು. ನಿಂಗಮ್ಮ ಮುದ್ದೆ ಮುರಿದಳು. ಒಬ್ಬರೂ ಏಳಲಿಲ್ಲ, ಅಣ್ಣಯ್ಯಾ.

ಅಷ್ಟರಲ್ಲಿ ನಿನ್ನ ಶಾಸಕರು ಹಾರ ಹಿಡಿದು ಬಂದರು. ಎದುರುಗೊಳ್ಳಲೂ ಯಾರೂ ಏಳುವ ಹಾಗಿಲ್ಲ! ತುಸು ಹೊತ್ತು ನಿಂತಿದ್ದು, ಸಾಲಿನ ತುದಿಯಲ್ಲಿ ತಾವೂ ಕೂತರು. ಮರುದಿನ ಹಾಸನದ ಪೇಪರಿನಲ್ಲಿ ಆ ಪಂಕ್ತಿಯನ್ನು ಅವರೇ ಕೂರಿಸಿದರೆಂದು ಬಂತು. "ಬರ್ಕಳ್ಳಿ ಬುಡವ್ವ" ಎಂದು ಅತ್ತಿಗೆ ನಕ್ಕಳು. ಅಧಿಕಾರದಲ್ಲಿರುವ ದೊಡ್ಡವರನ್ನು ನಾನು ಪೂರ್ತಿ ಹಳಿಯುವುದಿಲ್ಲ. ನಿಂಗಮ್ಮನ ಮೊಮ್ಮಗಳು ಓದಿದ್ದು ಸರ್ಕಾರದ ಹಾಸ್ಟೆಲ್ಲಿನಲ್ಲೇ. ಆದರೆ ನಮ್ಮ ಮನೆಯಲ್ಲಿ ಎಲೆ ಹಾಕಲು ವಿಧಾನಸೌಧದಿಂದ ಯಾರು ಬರುತ್ತಾರೆ?

ಮೊನ್ನೆ ಪುಟ್ಟೇಗೌಡ ಮಾವನ ಮರಿಮಗನಿಗೆ ನಾಮಕರಣ. ಮಾವ ತಾವೇ ಕಾಲೋನಿಗೆ ಹೋಗಿ ಕರೆದು ಬಂದಿದ್ದರು. ಅತ್ತಿಗೆಗೆ ಮಾತ್ರ ಅಳುಕು. ಶುಭದ ಮನೆಯಲ್ಲಿ ಸಾವಿನ ಮನೆಯ ಕಟ್ಟಿಲ್ಲ, ಯಾರು ಬೇಕಾದರೂ ಏಳಬಹುದು. ನಿಂಗಮ್ಮ ಮೊದಲ ಪಂಕ್ತಿಯಲ್ಲೇ ಕೂತಳು. ನೀನು ಹೆದರಿದ್ದಂತೆಯೇ ಆಯಿತು, ಬಡಿಸುವ ಮೊದಲೇ ಇಬ್ಬರು ಎದ್ದು ಹೋದರು.

ಆ ಎರಡು ಎಲೆಗೆ, ಜಾಗವಿಲ್ಲದೆ ಕಾಯುತ್ತಿದ್ದ ನಮ್ಮೂರವರೇ ಇಬ್ಬರು ಬಂದು ಕೂತರು. ಊಟ ನಡೆಯಿತು.