ಹೊಲಿಗೆಯೊಳಗೆ ಬಿಟ್ಟ ಬಟ್ಟೆ

೬, ಶುಕ್ರವಾರ. ಬೆಳಿಗ್ಗೆ

ಆರಕ್ಕೇ ಎಚ್ಚರ. ಊರಲ್ಲಾದರೆ ನನ್ನ ಹೊಲಿಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತು. ಇಲ್ಲಿ ತೆಗೆಯಲು ಇರುವುದು ಬಾಲ್ಕನಿ ಬಾಗಿಲು. ಎದುರಿಗೇ ಸಮುದ್ರ. ನೋಡಿದ್ದಾಯಿತು. ಇನ್ನೇನು ಮಾಡಬೇಕು?

"ಏನೂ ಮಾಡ್ಬಾರದು. ಅದಕ್ಕೇ ದುಡ್ಡು ಕೊಟ್ಟಿರೋದು," ಅಂದಳು ಅಕ್ಕ, ಹಾಸಿಗೆಯಿಂದಲೇ. ರಿಸಾರ್ಟಿನ ಬ್ರೋಷರಿನಲ್ಲೂ ಅದೇ — ಈಜುಕೊಳ, ಮಸಾಜ್, ಮೂರು ಹೊತ್ತು ಬಫೆ, ನಿಶ್ಚಿಂತೆ. ನನಗೆ ನಿಶ್ಚಿಂತೆ ಒಗ್ಗಲ್ಲ. ಊಟದ ಕೋಣೆಯ ಕರ್ಟನ್ ಅಂಚು ಸೊಟ್ಟ. ನಿನ್ನೆ ಊಟ ಪೂರ್ತಿ ಅದನ್ನೇ ನೋಡುತ್ತ ಮುಗಿಸಿದೆ.

ರಜ ಅಂತ ಅಂಗಡಿಗೆ ಬೀಗ ಹಾಕಿದ್ದು ಇದೇ ಮೊದಲು. ಅಕ್ಕನ ಹಟ. ಭಾವನೂ ಬೇಡ, ನಾವಿಬ್ಬರೇ ಅಂದಳು.

ಸಂಜೆ

ಮೂಡ್ ಹಾಳು. ಅಕ್ಕನಿಗೆಂದೇ ಹೊಲಿದ ನೀಲಿ ಗೌನ್ ಅವಳ ಮೈಮೇಲೆ ಮೊಳೆಗೆ ನೇತುಹಾಕಿದ ಹಾಗಿದೆ. ಭುಜ ಜಾರುತ್ತೆ. ಅಳತೆ ತೆಗೀತೀನಿ ಅಂದಿದ್ದೆ, "ಹಳೇದೇ ಸಾಕು ಕಣೇ" ಅಂದಿದ್ದಳು. ಅವಳ ಅಳತೆ ನನಗೆ ಬಾಯಿಪಾಠ. ಆದರೂ ಹೀಗಾಯಿತಲ್ಲ... ನನ್ನ ಕೈ ಕೆಟ್ಟಿತೇ? ಇಷ್ಟು ದೂರ ಬಂದು ಮರ್ಯಾದೆ ಕಳೆದುಕೊಂಡೆ.

"ಗಾಳಿ ಆಡ್ಲಿ ಬಿಡೇ," ಅಂದಳು. ಒಂದು ಗುಂಡಿ ಸರಿಯಿಲ್ಲದಿದ್ದರೂ ಬೀದಿಗೆಲ್ಲ ಕೇಳುವಂತೆ ಬೈಯುವವಳು.

೭, ಶನಿವಾರ. ಮಧ್ಯಾಹ್ನ

ಕೈಗೆ ಕಟ್ಟಿದ ರಿಸಾರ್ಟ್ ಬ್ಯಾಂಡ್ ಅಕ್ಕ ಈಜುಕೊಳದಲ್ಲಿ ಕಳೆದುಕೊಂಡಳು. ಜಾರಿಹೋಯಿತಂತೆ. ಬಿಗಿ ಮಾಡಿ ಕೊನೇ ತೂತಿಗೆ ಹಾಕಿದ್ದರೂ. ನನ್ನದು ಮಣಿಕಟ್ಟು ಕಚ್ಚಿ ಹಿಡಿದಿದೆ. ಅಕ್ಕ ನನಗಿಂತ ದಪ್ಪ. ಯಾವಾಗಲೂ. ಅವಳ ಹಳೇ ಬಟ್ಟೆ ನನ್ನ ಅಳತೆಗೆ ಹಿಡಿದು ಹೊಲಿದು ಹಾಕಿಕೊಂಡೇ ನಾನು ಬೆಳೆದದ್ದು, ಕಸುಬು ಕಲಿತದ್ದು.

ಬಫೆಯಲ್ಲಿ ತಟ್ಟೆ ತುಂಬ ಬಡಿಸಿಕೊಂಡಳು. ಮಾತು ಮಾತಲ್ಲೇ ಅರ್ಧ ನನ್ನ ತಟ್ಟೆಗೆ ಸರಿಸಿದಳು.

ಅವಳು ಸ್ನಾನಕ್ಕೆ ಹೋದಾಗ ಬ್ಯಾಗಿನಿಂದ ಟೇಪ್ ತೆಗೆದೆ. (ಹೌದು, ತಂದಿದ್ದೇನೆ.) ಗೌನ್ ಅಳೆದೆ. ಮತ್ತೆ ಅಳೆದೆ. ಒಂದು ನೂಲೂ ತಪ್ಪಿಲ್ಲ.

ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು.

೯, ಸೋಮವಾರ. ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಮರಳ ಮೇಲೆ ಕುರ್ಚಿ ಹಾಕಿ ಕೂತಿದ್ದೆವು. ಕೇಳಿಯೇಬಿಟ್ಟೆ — "ಗೌನ್ ಸರಿಯಾಗೇ ಇದೆ. ನಿನಗೇನಾಗಿದೆ?"

ನಕ್ಕಳು. "ಬಟ್ಟೆ ಬಿಟ್ರೆ ನಿನ್ನ ಕಣ್ಣಿಗೆ ಬೇರೇನೂ ಬೀಳಲ್ಲ ಅಂತ ಕರ್ಕೊಂಡು ಬಂದೆ. ಅಲ್ಲೇ ಸಿಕ್ಕಿಬಿದ್ದೆ ನೋಡು."

ಹೊಟ್ಟೆಯಲ್ಲಿ ಗಡ್ಡೆ. ಕ್ಯಾನ್ಸರ್. ಗುರುವಾರ ಆಸ್ಪತ್ರೆಗೆ ಸೇರಬೇಕು, ಮರುದಿನ ಆಪರೇಷನ್. ಭಾವನಿಗೆ ಗೊತ್ತು, ಮಕ್ಕಳಿಗೆ ಗೊತ್ತು. ನನಗೆ ಮಾತ್ರ...

"ಮನೇಲಿ ಎಲ್ರೂ ನನ್ನ ಮುಖ ನೋಡಿ ನೋಡಿ ಅಳ್ತಾರೆ ಕಣೇ. ನಾಲ್ಕು ದಿನ ನಿನ್ನ ಹತ್ರ ಬೈಸ್ಕೊಂಡು ಇರೋಣ ಅನ್ನಿಸ್ತು."

ಬೈದೆ. ಬಾಯಿಗೆ ಬಂದಂತೆ ಬೈದೆ. ಪಕ್ಕದ ಕುರ್ಚಿಯವರು ಎದ್ದು ಹೋದರು. ಆಮೇಲೆ ನಾನೇ ಅತ್ತುಬಿಟ್ಟೆ, ಅವಳೇ ಟವೆಲ್ ಕೊಟ್ಟಳು. ಭಯವಾಗುತ್ತಿದೆ. ಅವಳಿಲ್ಲದೆ ಹೇಗಿರುವುದೆಂದು ನನಗೆ ಗೊತ್ತಿಲ್ಲ.

ಸಂಜೆ

ನಾಳೆ ವಾಪಸ್. ಗೌನ್ ಪಕ್ಕ ಹಿಡಿದು ಚಿಕ್ಕದು ಮಾಡಿ ಕೊಡು, ಅದನ್ನೇ ಹಾಕ್ಕೊಂಡು ಆಸ್ಪತ್ರೆಗೆ ಹೋಗ್ತೀನಿ ಅಂದಳು. ಕೈ ಎತ್ತಿ ನಿಂತಳು. ಅಳತೆ ತೆಗೆದೆ. ಎಷ್ಟೆಂದು ಇಲ್ಲಿ ಬರೆಯಲಾರೆ. ಎರಡೂ ಪಕ್ಕ ಪಿನ್ ಹಾಕಿದರೆ ಬೊಗಸೆಯಷ್ಟು ಬಟ್ಟೆ ಒಳಗೆ ಉಳಿಯಿತು. ಮಲಗಿದಾಗ ಒತ್ತುತ್ತದೆ ಎಂದು ಕತ್ತರಿ ತೆಗೆದೆ. ಥಟ್ಟನೆ ಕೈ ಹಿಡಿದಳು.

"ಕತ್ತರಿಸ್ಬೇಡ. ಒತ್ತಿದ್ರೆ ಒತ್ಲಿ. ಆಮೇಲೆ ಬಿಚ್ಚಿ ದೊಡ್ಡದು ಮಾಡೋದಿದೆ."

ಇಷ್ಟು ದಿನದಲ್ಲಿ ಮೊದಲ ಸಲ ಅವಳ ದನಿ ನಡುಗಿತು.

ಕತ್ತರಿ ಒಳಗಿಟ್ಟೆ. ಒಂದು ಪಕ್ಕ ಮುಗಿದಿದೆ. ದೊಡ್ಡ ಹೊಲಿಗೆ ಹಾಕಿದ್ದೇನೆ, ಎಳೆದರೆ ಬಿಚ್ಚಿಬರುವಂತೆ. ಬೆಳಕಿರುವಾಗಲೇ ಇನ್ನೊಂದು ಪಕ್ಕವೂ... ಬಾಲ್ಕನಿಯಿಂದ ಕರೆಯುತ್ತಿದ್ದಾಳೆ. "ನನ್ನ ಬೈಯೋಕೆ ಯಾರೂ ಇಲ್ಲ ಇಲ್ಲಿ, ಬಾರೇ." ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ, ಕಣ್ಣು—