ಕುರ್ಚಿಯ ದೃಶ್ಯಕ್ಕೆ ಕತ್ತರಿ ಹಾಕಬೇಡ

ಭಾನುವಾರ, ಕಾಫಿಗೂ ಮೊದಲು

ನನ್ನ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ಊರಿಗೆಲ್ಲ ಕಣ್ಣೀರು ತರಿಸಿದ ಮಗಳೇ,

ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಪತ್ರ. ವಿಮರ್ಶೆಗಳನ್ನೆಲ್ಲ ಓದಿದೆ. ಒಬ್ಬರು ನನ್ನನ್ನು ನೋವು ನುಂಗಿದ ಮಹಾನುಭಾವ ಎಂದಿದ್ದಾರೆ. ಇನ್ನೊಬ್ಬರು ಒಂಟಿ ಮರ ಮಾಡಿದ್ದಾರೆ. ಮೂರನೆಯವರಂತೂ ನಾನು ಹೋಗಿಯೇಬಿಟ್ಟೆ ಎಂಬ ಧಾಟಿಯಲ್ಲಿ ಬರೆದಿದ್ದಾರೆ. ಜೀವಮಾನವಿಡೀ ಟೀವಿಗೆ ಹಾಸ್ಯ ಧಾರಾವಾಹಿ ಮಾಡಿದವನ ಚಿತ್ರ ನೋಡಿ, ನಗು ಬಂತು ಅಂತ ಒಬ್ಬರಾದರೂ ಬರೆಯಬೇಡವೇ? ಮೈಯೆಲ್ಲ ಉರಿಯುತ್ತಿದೆ.

ಎಲ್ಲರೂ ಹಾಡಿ ಹೊಗಳಿದ್ದು ಖಾಲಿ ಸ್ಟುಡಿಯೋದಲ್ಲಿ ನಾನು ಕಣ್ಣು ತುಂಬಿಕೊಂಡು ಕೂತ ದೃಶ್ಯವನ್ನು. ಒಂದು ಯುಗದ ಮೌನವಂತೆ! ನಡೆದದ್ದೇನು ಅಂತ ನಿನಗೆ ಗೊತ್ತು. ಧ್ವನಿ ದಾಖಲಿಸುವವಳು, ಖಾಲಿ ಕೋಣೆಯ ಸದ್ದು ಹಿಡ್ಕೋಬೇಕು, ಸ್ವಲ್ಪ ಹೊತ್ತು ಅಲ್ಲಾಡ್ಬೇಡಿ ಸಾರ್ ಅಂದಳು. ಅಷ್ಟರಲ್ಲಿ ಹಳೇ ಪರದೆಯ ಧೂಳಿಗೆ ನನಗೆ ಸೀನು ಬಂತು. ಅದನ್ನು ತಡೆದು ತಡೆದು ಕಣ್ಣಲ್ಲಿ ನೀರಾಡಿತು. ಆಮೇಲೆ ಗೋಡೆ ನಡುಗುವಂತೆ ಸೀನಿದೆನಲ್ಲ, ಅದನ್ನು ನೀನು ಕತ್ತರಿಸಿ ಎಸೆದೆ. ಒಳ್ಳೇ ಹಾಸ್ಯವನ್ನು ಅರ್ಧಕ್ಕೆ ನಿಲ್ಲಿಸಿ ದುಃಖ ಅಂತ ತೋರಿಸಿದೆ.

ಎದುರು ಮನೆಯ ದಂತವೈದ್ಯೆ ನಿನ್ನೆ ಮೆಟ್ಟಿಲ ಮೇಲೆ ಕೈ ಹಿಡಿದುಕೊಂಡು, ಯಾಕ್ ಸಾರ್ ಇಷ್ಟೆಲ್ಲ ನುಂಗ್ಕೊಂಡಿದ್ರಿ ಅಂತ ಕೇಳಿದರು. ನುಂಗಿದ್ದು ಬರೀ ಸೀನು ಕಣಮ್ಮಾ ಅಂದೆ. ಅವರಿಗೆ ಇನ್ನಷ್ಟು ಅಳು ಬಂತು.

ನಿಮ್ಮಮ್ಮ ಮನೆ ಬಿಟ್ಟು ಹೋದದ್ದನ್ನು ಚಿತ್ರ ಮುಟ್ಟಿಲ್ಲ ಎಂದೂ ಒಬ್ಬರು ಗೊಣಗಿದ್ದಾರೆ. ಮುಟ್ಟದಿದ್ದದ್ದೇ ಒಳ್ಳೆಯದು, ಅದು ಮುಗಿದ ಮಾತು. ಆಗೆಲ್ಲ ನಗುವನ್ನು ಮೊದಲೇ ಟೇಪಿನಲ್ಲಿ ತುಂಬಿಟ್ಟುಕೊಂಡು ಕಂತುಗಳಿಗೆ ಸೇರಿಸುತ್ತಿದ್ದೆವು. ಅದರಲ್ಲಿ ಎಲ್ಲರಿಗಿಂತ ಮುಂಚೆ ಕೇಳುವುದು ಅವಳ ನಗು. ಮೊದಲು ಮೂಗಿನಲ್ಲೊಂದು ಗೊರಕೆ, ಆಮೇಲೆ ತಡೆಯಲಾರದ ಸಿಡಿತ. ಅವಳು ಹೋದ ಮೇಲೂ ಟೇಪು ನನ್ನ ಹತ್ತಿರವೇ ಇತ್ತು, ಅದನ್ನೇ ಹಾಕುತ್ತ ಬಂದೆ. ಬೇರೆ ಟೇಪು ಸಿಗಲಿಲ್ಲ ಅಷ್ಟೇ.

ಇಷ್ಟೆಲ್ಲವನ್ನೂ ಸಹಿಸಿಕೊಂಡೇನು. ಆದರೆ ಕುರ್ಚಿಯ ದೃಶ್ಯ ಚಿತ್ರದ ಘನತೆಗೆ ಕುಂದು ಅಂತ ವಿಮರ್ಶಕರು ಬರೆದರೆಂದು, ಟೀವಿಗೆ ಕೊಡುವಾಗ ಅದನ್ನು ತೆಗೆಯುತ್ತೇನೆ ಎನ್ನುತ್ತೀಯಲ್ಲ, ನಿನಗೇನಾಗಿದೆ? ಹಿಂದೊಮ್ಮೆ ಧಾರಾವಾಹಿಯ ನಾಯಕ ಬೀಳಲಿ ಅಂತ ಆ ಕುರ್ಚಿಯ ಕಾಲನ್ನು ಬಡಗಿಯಿಂದ ಅರ್ಧ ಕೊಯ್ಯಿಸಿದವನು ನಾನೇ. ಅದನ್ನು ಮರೆತು, ಹಾಸ್ಯದಲ್ಲಿ ಎಚ್ಚರ ಮುಖ್ಯ ಅಂತ ನಿನ್ನ ಕ್ಯಾಮೆರಾಕ್ಕೆ ಉಪದೇಶ ಮಾಡುತ್ತ, ಗತ್ತಿನಿಂದ ಅದರ ಮೇಲೇ ಕೂತೆ. ಕಾಲು ಮೇಲೆ, ತಲೆ ಕೆಳಗೆ. ಇಡೀ ಚಿತ್ರದಲ್ಲಿ ನಾನು ನಾನಾಗಿರುವುದು ಅಲ್ಲೊಂದೇ ಕಡೆ. ಘನತೆಯನ್ನು ಕಟ್ಟಿಕೊಂಡು ನನಗೇನಾಗಬೇಕು? ಬೇಕಾದರೆ ಮೌನದ ದೃಶ್ಯ ತೆಗೆ, ಒಂಟಿ ಮರವನ್ನು ಬುಡಸಮೇತ ಕಡಿ. ಕುರ್ಚಿಯನ್ನು ಮುಟ್ಟಬೇಡ.

ಸಿಟ್ಟಿನಲ್ಲೂ ನಿನ್ನವನೇ ಆದ,
ಅಪ್ಪ

ಮರೆತಿದ್ದೆ: ಮೊದಲ ಪ್ರದರ್ಶನದ ದಿನ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ತೆರೆಯ ಮೇಲೆ ದೊಪ್ಪನೆ ಬಿದ್ದಾಗ ಕತ್ತಲಲ್ಲಿ ಹಿಂದಿನ ಸಾಲಿನಿಂದ ಒಬ್ಬರೇ ಒಬ್ಬರು ನಕ್ಕರು. ಮೊದಲು ಮೂಗಿನಲ್ಲೊಂದು ಗೊರಕೆ. ದೀಪ ಹತ್ತಿದಾಗ ಆ ಜಾಗ ಖಾಲಿಯಿತ್ತು. ಕರೆದವಳು ನೀನೇ ಅಂತ ಗೊತ್ತು, ಬೈಯುವುದಿಲ್ಲ. ಟೀವಿಯಲ್ಲಿ ಬರುವ ದಿನ ಅವಳು ಮತ್ತೆ ನೋಡಿದರೂ ನೋಡಬಹುದು.