ಹೈರಮ್‌ನ ಹೆಬ್ಬೆರಳು

ಚ್ಯಾಟಮ್, ಕೇಪ್ ಕಾಡ್
ಜುಲೈ ೨೩

ಪ್ರೀತಿಯ ಎಡ್ನಕ್ಕ,

ಜಾರ್ಜಿಯಾದಿಂದ ನೀನು ಕಳಿಸಿದ ಪೀಚ್ ಜಾಮ್ ಬಂದು ಎಷ್ಟೋ ದಿನವಾಯಿತು. ತಲುಪಿತು ಎಂದು ಒಂದು ಸಾಲು ಬರೆಯಲೂ ನನ್ನಿಂದಾಗಲಿಲ್ಲ. ಬೈಯಿ, ಆದರೆ ಮುನಿಸಿಕೊಳ್ಳಬೇಡ. ಬಾಟಲಿಯನ್ನು ಇನ್ನೂ ತೆರೆದಿಲ್ಲ. ಈ ಮನೆಯಲ್ಲಿ ಈಗ ಯಾರಿಗೂ ಬಾಯಿರುಚಿಯಿಲ್ಲ.

ಹೋದ ಅಕ್ಟೋಬರಿನಲ್ಲಿ ನಮ್ಮ ಟೋಬಿಯನ್ನು ಕಲ್ಲುಕಟ್ಟೆಯ ಮೇಲಿಂದ ಅಲೆ ಎಳೆದುಕೊಂಡು ಹೋದ ಮೇಲೆ ಹೈರಮ್ ಗಾಳದ ಕೋಲು ಮುಟ್ಟಿರಲಿಲ್ಲ, ನಿನಗೆ ಗೊತ್ತಲ್ಲ. ಮಗ ಹೋದದ್ದಕ್ಕೆ ಅವನು ಅಳಲೂ ಇಲ್ಲ. ಕಳೆದ ವಾರ ತಾನಾಗಿಯೇ ಎದ್ದು ಬೂಟು ಹಾಕಿಕೊಂಡು, "ಬರ್ತೀಯಾ ವಿನೀ, ನೀರಿಗೆ ಹೋಗ್ಬರೋಣ" ಎಂದ. ಗಂಡ ವಾಪಸು ಸಿಕ್ಕಿದ ಎಂದು ಹಿಗ್ಗಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಸೊಂಟದಷ್ಟು ನೀರಿನಲ್ಲಿ ಅವನು, ಪಕ್ಕದಲ್ಲಿ ನೆರೆಮನೆಯ ಲೂ ಪರೇರ. ಮೀನಿಗಾಗಿ ಹಕ್ಕಿಗಳು ಎರಗುತ್ತಿದ್ದ ಕಡೆಗೆ ಹೈರಮ್ ಗರಿ ಸುತ್ತಿದ ಗಾಳ ಬೀಸಿದ. ತೋಳಿನ ವರಸೆ ಹಾಗೇ ಇದೆ ಕಣೇ ಅಕ್ಕ, ಒಂಚೂರೂ ಕೆಟ್ಟಿಲ್ಲ. ಲೂ ಛೇಡಿಸಿದ: "ಏನಪ್ಪಾ ಮುದುಕಾ, ಮೀನ್ ಹಿಡೀತೀಯೋ, ಬಟ್ಟೆ ಒಣಗಿಸ್ತೀಯೋ?" ಅಷ್ಟರಲ್ಲಿ ಕೋಲು ಬಾಗಿತು. ಮೀನು ಹತ್ತಿರ ಬಂದಾಗ ಹೈರಮ್ ಅದರ ಬಾಯಿಗೆ ಹೆಬ್ಬೆರಳಿಟ್ಟು ಎತ್ತಿದ.

ನೀನು ಮರೆತಿರಬಹುದು, ಪಟ್ಟೆ ಬಾಸ್ ಮೀನನ್ನು ಎತ್ತುವುದೇ ಹಾಗೆ, ಕೆಳದುಟಿ ಹಿಡಿದು. ಅದಕ್ಕೆ ಕಚ್ಚುವ ಹಲ್ಲಿಲ್ಲ. ಆದರೆ ಇದು ಬ್ಲೂಫಿಶ್. ಅದರ ಹಲ್ಲೆಂದರೆ ಇಲ್ಲಿನ ಎಳೆಮಕ್ಕಳೂ ಕೈ ಹಿಂದೆಗೆಯುತ್ತವೆ. "ಬಿಡೋ, ಬ್ಲೂ ಅದು! ಬ್ಲೂ!" ಎಂದು ಲೂ ಅರಚುವಷ್ಟರಲ್ಲಿ ಮೂಳೆಯವರೆಗೂ ಕತ್ತರಿಸಿಹೋಗಿತ್ತು. ಹೈರಮ್ ಕೂಗಲಿಲ್ಲ. ಬೆರಳನ್ನೇ ನೋಡುತ್ತ ನಿಂತ.

ಆಸ್ಪತ್ರೆಯಲ್ಲಿ ಲೂ ನನ್ನನ್ನು ಪಕ್ಕಕ್ಕೆ ಕರೆದ. "ನೋಡು ವಿನೀ, ಇವ್ನು ಬಾಸ್ ಯಾವ್ದು ಬ್ಲೂ ಯಾವ್ದು ಅಂತ ಮರೆಯೋ ಆಸಾಮಿನಾ? ತಲೆ ಒಂದ್ಸಲ ತೋರಿಸ್ಬಿಡಮ್ಮ." ಮಗ ಹೋದ, ಇನ್ನು ಇವನಿಗೂ ಅರಳುಮರುಳೇ ಎಂದು ದಿನವೆಲ್ಲ ಒಲೆಯ ಮುಂದೆ ನಿಂತು ಅತ್ತೆ.

ಡಾಕ್ಟರಮ್ಮ ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸಿದಳು. ಹೈರಮ್ ಒಂದನ್ನೂ ತಪ್ಪದೆ ಹೇಳಿ, "ಭರತ ಇಳಿತದ ಹೊತ್ತೂ ಬೇಕೇನಮ್ಮಾ?" ಎಂದ. ಮರೆವಿಲ್ಲ, ಕಣ್ಣೂ ಚೆನ್ನಾಗಿದೆ, ಅವಸರದಲ್ಲಿ ಎಡವಟ್ಟಾಗಿದೆ, ಅಷ್ಟೇ ಎಂದಳು. ಎಲ್ಲರೂ ಉಸಿರು ಬಿಟ್ಟೆವು. ಲೂ ಸೊಪ್ಪಿನ ಸೂಪು ತಂದುಕೊಟ್ಟು ಹೋದ. ಬೆರಳು ಇನ್ನು ಮಡಚುವುದಿಲ್ಲವಂತೆ, ಗರಿ ಸುತ್ತಿ ಗಾಳ ಕಟ್ಟುವುದು ಮುಗಿಯಿತು.

ನಿನ್ನ ಮಂಡಿನೋವು ಹೇಗಿದೆ? ಮೊಮ್ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನಾದರೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ವಿನಿ

ತಾ.ಕ.: ಇಷ್ಟಕ್ಕೇ ಲಕೋಟೆ ಅಂಟಿಸೋಣ ಎಂದುಕೊಂಡೆ, ಆಗಲಿಲ್ಲ. ಉಪ್ಪು ಹೋಗಲೆಂದು ಅವನ ಗಾಳದ ದಾರವನ್ನು ಸಿಹಿನೀರಿನಲ್ಲಿ ತೊಳೆಯುವಾಗ ತುದಿಯಲ್ಲಿ ಗೇಣುದ್ದ ಉಕ್ಕಿನ ತಂತಿ ಕಂಡಿತು. ಬಾಸ್ ಹಿಡಿಯಲು ಯಾರೂ ತಂತಿ ಕಟ್ಟುವುದಿಲ್ಲ. ದಾರ ಕಡಿಯುವ ಬ್ಲೂಗೆಂದೇ ಕಟ್ಟುವುದು. ಮನೆಯಲ್ಲೇ ಕಟ್ಟಿಕೊಂಡು ಹೊರಟಿದ್ದಾನೆ. ಇವತ್ತು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಟೋಬಿ ಹೋದಾಗ್ನಿಂದ ನಂಗೆ ಏನೂ ತಾಗ್ತಾನೇ ಇಲ್ಲ ಕಣೇ. ಇದಾದ್ರೂ ತಾಗುತ್ತೇನೋ ಅಂತ ನೋಡ್ದೆ."

"ತಾಗಿತಾ?" ಎಂದೆ.

ಇಲ್ಲವೆಂದು ತಲೆಯಾಡಿಸಿದ. ಅಕ್ಕ, ಅವನಿಗೆ ಮರೆವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.